ಚಂಚಲ ಎಂಬ ಮಾತು

ಒಂದು ದಿನದಲ್ಲಿ ನಮ್ಮ ಕಿವಿಗೆ ಬೀಳುವ ಮಾತುಗಳನ್ನು ಗಮನಿಸುತ್ತ ಹೋದರೆ 'ಚಂಚಲ' ಎಂಬ ಮಾತು ಒಮ್ಮೆಯಾದರೂ ಸಿಕ್ಕದೆ ಇರದು. ಪುಸ್ತಕವನ್ನು ತೆರೆದಿಟ್ಟುಕೊಂಡು ಬೀದಿಯ ಕಡೆಗೆ ಕಣ್ಣು ಹಾಯಿಸುವ ಹುಡುಗನನ್ನು ಕುರಿತು ತಾಯಿ, "ಇವನದು ಬಹಳ ಚಂಚಲ ಬುದ್ಧಿ" ಎನ್ನುತ್ತಾಳೆ. ಸಂಜೆ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುವ ವ್ಯಾಪಾರಿ ಹಿಂದಿನ ವರ್ಷದ ಲಾಭವನ್ನು ನೆನೆದು, "ಲಕ್ಷ್ಮಿ ಚಂಚಲೆಯಪ್ಪ, ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ" ಎಂದು ನಿಟ್ಟುಸಿರು ಬಿಡುತ್ತಾನೆ. ಜಪ ಮುಗಿಸಿ ಎದ್ದ ಅಜ್ಜ, "ಕೈಯಲ್ಲಿ ಮಣಿ ತಿರುಗಿತು, ಮನಸ್ಸು ಗದ್ದೆಯ ಬದುವಿನ ಮೇಲೆ ತಿರುಗಿತು, ಹಾಳು ಚಂಚಲ ಮನಸ್ಸು" ಎಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಮೂವರೂ ಒಂದೇ ಮಾತನ್ನು ಆಡಿದರು. ಆದರೆ ಮೂವರ ಬಾಯಲ್ಲಿಯೂ ಅದರ ಅರ್ಥ ಒಂದೇ ಆಗಿದೆಯೆ?

ಅರ್ಥವೇನೆಂದು ಕೇಳಿದರೆ, 'ಒಂದು ಕಡೆ ನಿಲ್ಲದೆ ಅತ್ತಿತ್ತ ಚಲಿಸುವುದು' ಎಂದು ಯಾರಾದರೂ ಹೇಳಿಯಾರು. ಇದು ತಪ್ಪಲ್ಲ, ಆದರೆ ಸಾಲದು. ಗೋಡೆಯ ಗಡಿಯಾರದ ಲೋಲಕ ಹಗಲಿರುಳು ಅತ್ತಿತ್ತ ಚಲಿಸುತ್ತದೆ. ಅದನ್ನು ಯಾರೂ ಚಂಚಲ ಎನ್ನುವುದಿಲ್ಲ. ಅದು ನಿಂತ ದಿನವೇ ಗಡಿಯಾರ ಕೆಟ್ಟಿತೆಂದು ತಿಳಿಯುತ್ತೇವೆ. ನೇಕಾರನ ಮಗ್ಗದಲ್ಲಿ ಲಾಳಿ ಆ ಅಂಚಿನಿಂದ ಈ ಅಂಚಿಗೆ, ಈ ಅಂಚಿನಿಂದ ಆ ಅಂಚಿಗೆ ಓಡುತ್ತಲೇ ಇರುತ್ತದೆ. ಅದು ಹಾಗೆ ಓಡುವುದರಿಂದಲೇ ನೂಲು ಬಟ್ಟೆಯಾಗುತ್ತದೆ. ಆದುದರಿಂದ ಚಲಿಸುವುದೆಲ್ಲ ಚಂಚಲವಲ್ಲ ಎಂಬುದಂತೂ ಸ್ಪಷ್ಟ. ಹಾಗಾದರೆ ಯಾವುದು ಚಂಚಲ?

ಇದನ್ನು ತಿಳಿಯುವುದಕ್ಕೆ ಮೊದಲು ಕನ್ನಡದ ಸ್ವಂತ ಭಂಡಾರವನ್ನು ಒಮ್ಮೆ ನೋಡಬೇಕು. ನೆಲೆಯಿಲ್ಲದ ಚಲನೆಯನ್ನು ಹೇಳಲು ನಮ್ಮಲ್ಲಿ ಎಷ್ಟು ಕ್ರಿಯಾಪದಗಳಿವೆಯೆಂದರೆ, ಎಣಿಸಿದವನಿಗೆ ಆಶ್ಚರ್ಯವಾಗಬೇಕು. ಬೀಳಲಿರುವ ಹಲ್ಲು ಅಲ್ಲಾಡುತ್ತದೆ. ಕಾಲು ಸಡಿಲವಾದ ಮೇಜು ಅಲುಗುತ್ತದೆ. ಗಾಳಿಗೆ ಸಿಕ್ಕಿದ ದೀಪದ ಕುಡಿ ತುಯ್ದಾಡುತ್ತದೆ. ಹುಲ್ಲಿನ ಹೊರೆಯನ್ನು ಓರೆಯಾಗಿ ಹೇರಿದ ಗಾಡಿ ವಾಲುತ್ತದೆ. ತೆನೆ ತುಂಬಿದ ಪೈರು ತೊನೆಯುತ್ತದೆ. ಹೊಳೆಯ ನಡುವೆ ದೋಣಿ ಹೊಯ್ದಾಡುತ್ತದೆ. ಕುಡಿದವನು ತೂರಾಡುತ್ತಾನೆ; ಕತ್ತಲಲ್ಲಿ ನಡೆಯುವವನು ತಡವರಿಸುತ್ತಾನೆ. ಇವುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟು ನೋಡಿರಿ. 'ಹಲ್ಲು ತೊನೆಯುತ್ತದೆ' ಎಂದರೆ ಹಾಲುಹಲ್ಲಿನ ಮಗುವೂ ನಕ್ಕೀತು. ತೊನೆಯುವುದರಲ್ಲಿ ಬೇರು ಭದ್ರವಾಗಿದೆ, ತುದಿ ಮಾತ್ರ ಆಡುತ್ತಿದೆ. ಅಲ್ಲಾಡುವುದರಲ್ಲಿ ಬುಡವೇ ಸಡಿಲವಾಗಿದೆ. ಹೊಲದಲ್ಲಿ ದುಡಿದವರು, ದೋಣಿ ನಡೆಸಿದವರು, ಗಾಡಿ ಕಟ್ಟಿದವರು ಕಣ್ಣಿಂದ ಕಂಡು ಮಾಡಿದ ಪದಗಳಿವು. ಇವುಗಳ ನಡುವಿನ ಭೇದವನ್ನು ಯಾವ ಪಂಡಿತನೂ ಅವರಿಗೆ ಕಲಿಸಬೇಕಾಗಿರಲಿಲ್ಲ.

ಇಷ್ಟು ಸಂಪತ್ತು ಮನೆಯಲ್ಲಿಯೇ ಇರುವಾಗ ಕನ್ನಡವು ಸಂಸ್ಕೃತದಿಂದ 'ಚಂಚಲ'ವನ್ನು ಏಕೆ ಪಡೆದುಕೊಂಡಿತು? ನಮ್ಮ ಈ ಕ್ರಿಯಾಪದಗಳು ಕಣ್ಣಿಗೆ ಕಾಣುವ ಒಂದು ಸಂಗತಿಯನ್ನು, ಅದು ನಡೆಯುತ್ತಿರುವ ಹೊತ್ತಿನಲ್ಲಿ ಹೇಳುತ್ತವೆ. 'ಅವನ ಮನಸ್ಸು ಹೊಯ್ದಾಡಿತು' ಎಂದರೆ ಒಂದು ಸಂದರ್ಭದಲ್ಲಿ ಹೊಯ್ದಾಡಿತು ಎಂದಷ್ಟೇ ಅರ್ಥ. ಮರುದಿನ ಅದು ನೆಲೆ ಕಂಡಿರಬಹುದು. 'ಅವನ ಮನಸ್ಸು ಚಂಚಲ' ಎಂದಾಗ ನಾವು ಹೇಳಿದ್ದು ಒಂದು ಗಳಿಗೆಯ ಸಂಗತಿಯನ್ನಲ್ಲ, ಅವನ ಸ್ವಭಾವವನ್ನು. ಅದು ಈಗ ಆಡುತ್ತಿರಲಿ, ಸುಮ್ಮನೆ ಇರಲಿ, ಆಡುವುದೇ ಅದರ ಗುಣ ಎಂದು ನಾವು ಮುದ್ರೆ ಒತ್ತಿಬಿಟ್ಟೆವು. ಹೊಯ್ದಾಟ ಬಂದು ಹೋಗುವ ಜ್ವರದಂತೆ, ಚಂಚಲತೆ ಮೈಬಣ್ಣದಂತೆ. ಈ ಮಾತನ್ನು ಎಚ್ಚರದಿಂದ ಬಳಸಬೇಕಾದುದಕ್ಕೆ ಇದೇ ಕಾರಣ.

ಇನ್ನು ಪದದ ಹುಟ್ಟನ್ನು ನೋಡೋಣ. ಸಂಸ್ಕೃತದಲ್ಲಿ 'ಚಲ್' ಎಂಬುದು ಒಂದು ಧಾತು. ಅದಕ್ಕೆ ಅಲುಗು, ನಡೆ ಎಂದರ್ಥ. ಚಲನೆ, ಸಂಚಲನ, ವಿಚಲಿತ, ಪ್ರಚಲಿತ ಮುಂತಾದವು ಆ ಮನೆಯವೇ. ಅಲುಗದ್ದು 'ಅಚಲ'; ಆದುದರಿಂದಲೇ ಬೆಟ್ಟಕ್ಕೆ ಅಚಲವೆಂಬ ಹೆಸರು ಬಂದು, ಹಿಮಾಚಲ, ವಿಂಧ್ಯಾಚಲ, ಅರುಣಾಚಲಗಳು ಆದವು. ಒಂದು ಕ್ರಿಯೆ ಮತ್ತೆ ಮತ್ತೆ ನಡೆಯುತ್ತದೆ, ಅಥವಾ ಬಹಳ ಬಲವಾಗಿ ನಡೆಯುತ್ತದೆ ಎಂದು ತೋರಿಸಬೇಕಾದಾಗ ಸಂಸ್ಕೃತವು ಧಾತುವಿನ ಮೊದಲ ಅಕ್ಷರವನ್ನು ಇಮ್ಮಡಿಸುತ್ತದೆ. ನಾವು 'ನಡೆನಡೆದು', 'ಅತ್ತು ಅತ್ತು' ಎನ್ನುವುದಿಲ್ಲವೆ, ಸ್ವಲ್ಪಮಟ್ಟಿಗೆ ಹಾಗೆಯೇ. ಚಲ್ ಎಂಬುದು ಹೀಗೆ ಇಮ್ಮಡಿಸಿ 'ಚಂಚಲ'ವಾಯಿತು. ಚಲಿಸಿದರೂ ತೀರದೆ ಮತ್ತೆ ಮತ್ತೆ ಚಲಿಸುವುದು ಎಂಬ ಅರ್ಥ ಪದದ ಮೈಯಲ್ಲಿಯೇ ಇದೆ.

ಇದೇ ಅಚ್ಚಿನಲ್ಲಿ ಎರಕ ಹೊಯ್ದ ಇನ್ನೊಂದು ಪದ ಕನ್ನಡಿಗರಿಗೆ ಬಹಳ ಹತ್ತಿರದ್ದು: 'ಜಂಗಮ'. 'ಗಮ್' ಎಂದರೆ ಹೋಗು. ಆ ಧಾತು ಇಮ್ಮಡಿಸಿ ಜಂಗಮವಾಯಿತು. ಹೋಗುತ್ತಲೇ ಇರುವುದು ಎಂದು ಅದರ ಅರ್ಥ. ಎರಡು ಪದಗಳೂ ಒಂದೇ ಬಗೆಯ ರಚನೆಯವು. ಎರಡರ ಅರ್ಥವೂ ನಿಲ್ಲದೆ ಚಲಿಸುವುದೇ. ಆದರೆ ಅವುಗಳ ಭಾಗ್ಯ ಎಷ್ಟು ಬೇರೆಯಾಯಿತು! 12ನೆಯ ಶತಮಾನದ ವಚನಕಾರರು ಜಂಗಮವನ್ನು ಪೂಜ್ಯವೆಂದು ಎತ್ತಿಹಿಡಿದರು. ಕಟ್ಟಿ ನಿಲ್ಲಿಸಿದ ಸ್ಥಾವರಕ್ಕಿಂತ ಅದನ್ನು ಮೇಲಾಗಿ ಕಂಡರು. ಚಂಚಲವಾದರೋ ನಿಂದೆಯ ಮಾತಾಗಿಯೇ ಉಳಿಯಿತು. ಜಂಗಮನು ಊರಿಂದ ಊರಿಗೆ ಹೋದರೂ ಅವನ ಒಳಗೆ ಒಂದು ನಿಲುವು ಇರುತ್ತದೆ. ಅವನ ಕಾಲು ಚಲಿಸುತ್ತದೆ, ನಿಷ್ಠೆ ಚಲಿಸುವುದಿಲ್ಲ. ಚಂಚಲನಾದವನು ಕುಳಿತಲ್ಲಿಯೇ ಕುಳಿತಿರಬಹುದು. ಅವನ ಒಳಗಿನ ನಿಲುವೇ ಊರೂರು ಅಲೆಯುತ್ತಿರುತ್ತದೆ. ಹೀಗಾಗಿ ಚಂಚಲವೆಂಬುದು ಚಲನೆಯ ಹೆಸರಲ್ಲ, ಹಿಡಿತವಿಲ್ಲದ ಚಲನೆಯ ಹೆಸರು ಎನ್ನಬಹುದು.

ಇಲ್ಲಿಯೇ ಒಂದು ಸ್ವಾರಸ್ಯವನ್ನು ಹೇಳಿಬಿಡುತ್ತೇನೆ. ಸಂಸ್ಕೃತದಲ್ಲಿ 'ಚಲ' ಎಂದರೆ ಅಲುಗುವಂಥದು. ಆದರೆ ಹಳಗನ್ನಡದಲ್ಲಿ 'ಚಲ' ಎಂದರೆ ಹಿಡಿದದ್ದನ್ನು ಬಿಡದ ಹಟ. ಪಂಪನು ಸುಮಾರು 941ರಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಭಾರತದ ಒಬ್ಬೊಬ್ಬ ವೀರನನ್ನು ಒಂದೊಂದು ಗುಣದಿಂದ ನೆನೆಯುತ್ತ, ದುರ್ಯೋಧನನಿಗೆ ಈ ಚಲವನ್ನು ಕೊಟ್ಟಿದ್ದಾನೆ. ಇಂದು ನಾವು ಅದನ್ನು 'ಛಲ' ಎಂದು ಬರೆಯುತ್ತೇವೆ. ಸಂಸ್ಕೃತದ ಛಲಕ್ಕೆ ಕಪಟ, ನೆಪ ಎಂಬ ಅರ್ಥವಿದೆ. ನಮ್ಮ ಛಲದಲ್ಲಿ ಕಪಟವೇನೂ ಇಲ್ಲ. ಅಂತೂ ಚಲವುಳ್ಳವನು ಕದಲದವನು, ಚಂಚಲನಾದವನು ನಿಲ್ಲದವನು! ಕಿವಿಗೆ ಒಂದೇ ಮನೆಯವರಂತೆ ಕೇಳುವ ಈ ಎರಡು ಮಾತುಗಳು ಕನ್ನಡದಲ್ಲಿ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ.

ಚಂಚಲವು ಎಲ್ಲೆಡೆಯೂ ನಿಂದೆಯ ಮಾತೇ ಎಂದೂ ತಿಳಿಯಬಾರದು. ಕಾವ್ಯದಲ್ಲಿ ನಾಯಿಕೆಯನ್ನು 'ಚಂಚಲಾಕ್ಷಿ' ಎಂದರೆ ಅದು ಹೊಗಳಿಕೆ. ಮೀನಿನಂತೆ ಮಿಂಚುವ ಕಣ್ಣುಗಳು ಎಂದು ಭಾವ. ಅಮರಕೋಶವು ಮಿಂಚಿಗೆ ಕೊಡುವ ಹೆಸರುಗಳಲ್ಲಿ ಚಂಚಲಾ, ಚಪಲಾ ಎಂಬ ಎರಡೂ ಇವೆ. ಅಲ್ಲಿಯೂ ದೂಷಣೆಯಿಲ್ಲ, ಮಿಂಚು ನಿಂತುಕೊಂಡಿದ್ದರೆ ಮಿಂಚೇ ಆಗುತ್ತಿರಲಿಲ್ಲ. ಲಕ್ಷ್ಮಿಯ ವಿಷಯದಲ್ಲಿ ಮಾತ್ರ ನಾವು ದೂರುವ ದನಿಯಲ್ಲಿಯೇ ಚಂಚಲೆ ಎನ್ನುತ್ತೇವೆ. ವರಮಹಾಲಕ್ಷ್ಮಿಯ ಹಬ್ಬದಲ್ಲಿ ಕಳಶವಿಟ್ಟು, ಮನೆಯಲ್ಲಿ ನೆಲೆಸು ತಾಯೆ ಎಂದು ಬೇಡಿಕೊಳ್ಳುವುದು ಅದಕ್ಕಾಗಿಯೇ. ಯೋಚಿಸಿದರೆ, ಸಂಪತ್ತು ಚಂಚಲವಾಗಿರುವುದು ಅದರ ದೋಷವಲ್ಲ, ಅದರ ಕೆಲಸ. ನಾಣ್ಯಕ್ಕೆ ಬೆಲೆ ಇರುವುದು ಅದು ಕೈಯಿಂದ ಕೈಗೆ ಹೋಗುವ ತನಕ. 'ಚಲಾವಣೆ' ಎಂಬ ಮಾತಿನಲ್ಲಿರುವುದೂ ಅದೇ ಚಲ್ ಧಾತು. ಹಂಡೆಯಲ್ಲಿ ತುಂಬಿ ನೆಲದಲ್ಲಿ ಹೂತ ಹೊನ್ನು ಅಚಲವೇನೋ ಹೌದು. ಅದರಿಂದ ಒಂದು ಸೇರು ಅಕ್ಕಿಯೂ ಬರುವುದಿಲ್ಲ. ಆದರೆ ಲಕ್ಷ್ಮಿಯ ನೆಪದಿಂದ ಹೆಣ್ಣುಮಕ್ಕಳೆಲ್ಲರ ಮೇಲೆಯೂ ಈ ಮಾತನ್ನು ಹೊರಿಸುವ ರೂಢಿಯೊಂದು ಹಳೆಯ ಸುಭಾಷಿತಗಳಲ್ಲಿ ಬೆಳೆದುಬಂದಿದೆ. ಅದನ್ನು ನಾನಂತೂ ಒಪ್ಪಲಾರೆ. ನಸುಕಿನಿಂದ ನಡುರಾತ್ರಿಯವರೆಗೆ ಒಂದು ಸಂಸಾರವನ್ನು ಹಿಡಿದು ನಿಲ್ಲಿಸುವವರನ್ನು ಚಂಚಲರೆಂದವರು ತಮ್ಮ ಮನೆಯ ಅಡಿಗೆಮನೆಯನ್ನು ಇಣುಕಿ ನೋಡಿರಲಿಲ್ಲವೆಂದು ತೋರುತ್ತದೆ.

ಚಂಚಲ ಎಂಬುದಕ್ಕೆ 'ಅಸ್ಥಿರ' ಎಂದು ಅರ್ಥ ಬರೆಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಎರಡೂ ಒಂದೇ ಆಗಿದ್ದರೆ ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸನ್ನು ಚಂಚಲವೆಂದೂ ಅಸ್ಥಿರವೆಂದೂ ಒಂದೇ ಶ್ಲೋಕದಲ್ಲಿ ಪಕ್ಕಪಕ್ಕದಲ್ಲಿ ಕರೆಯಬೇಕಾದ ಅಗತ್ಯವಿರಲಿಲ್ಲ. ಇವೆರಡರ ಭೇದವನ್ನು ನಿಮ್ಮ ವಿಜ್ಞಾನದ ಪಾಠದಿಂದಲೇ ತಿಳಿಯಬಹುದು. ಒಂದು ಬೋಗುಣಿಯ ಒಳಗೆ ಗೋಲಿಯನ್ನು ಹಾಕಿದರೆ ಅದು ಅತ್ತಿತ್ತ ಉರುಳಾಡಿ, ಕೊನೆಗೆ ತಳಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಸಲ ತಳ್ಳಿದರೂ ತಳಕ್ಕೇ ಮರಳುತ್ತದೆ. ಇದು ಸ್ಥಿರ ಸಮತೋಲನ. ಬೋಗುಣಿಯನ್ನು ಬೋರಲು ಹಾಕಿ ಅದರ ನೆತ್ತಿಯ ಮೇಲೆ ಅದೇ ಗೋಲಿಯನ್ನು ಬಹಳ ಜಾಣತನದಿಂದ ನಿಲ್ಲಿಸಿದೆವೆನ್ನಿ. ಅದು ಅಲುಗದೆ ನಿಂತಿದೆ. ಆದರೂ ಅದನ್ನು ಅಸ್ಥಿರ ಸಮತೋಲನ ಎನ್ನುತ್ತಾರೆ. ಏಕೆಂದರೆ ಒಂದು ಉಸಿರು ತಾಗಿದರೆ ಸಾಕು, ಅದು ಉರುಳಿಹೋಗುತ್ತದೆ, ಮರಳಿ ಬರುವುದಿಲ್ಲ. ನೋಡಿರಿ, ಆಡುತ್ತಿರುವ ಗೋಲಿ ಸ್ಥಿರ, ನಿಂತಿರುವ ಗೋಲಿ ಅಸ್ಥಿರ! ಅಸ್ಥಿರತೆಯೆಂದರೆ ನಿಂತ ಜಾಗದ ದೋಷ; ಚಂಚಲತೆಯೆಂದರೆ ನಿಲ್ಲಲೊಲ್ಲದ ಗುಣ. ಅಸ್ಥಿರವಾದುದು ಕದಲದೆ ಇದ್ದರೂ ಬೀಳುವ ಭಯವುಳ್ಳದ್ದು. ಚಂಚಲವಾದುದು ಸದಾ ಕದಲುತ್ತಿದ್ದರೂ ಬೀಳದೆಯೇ ಇರಬಹುದು.

ವಿಜ್ಞಾನಿಗಳು ಅಸ್ಥಿರ ಎಂಬ ಮಾತನ್ನು ಎಷ್ಟು ನಿರ್ಲಿಪ್ತವಾಗಿ ಬಳಸುತ್ತಾರೆಂಬುದಕ್ಕೆ ಇನ್ನೊಂದು ನಿದರ್ಶನ. ಯುರೇನಿಯಂ-238 ಎಂಬ ಪರಮಾಣು ಅವರ ಲೆಕ್ಕದಲ್ಲಿ ಅಸ್ಥಿರ. ಆದರೆ ಒಂದು ರಾಶಿ ಯುರೇನಿಯಂ-238ರಲ್ಲಿ ಅರ್ಧದಷ್ಟು ಪರಮಾಣುಗಳು ಸಿಡಿದು ಬೇರೆಯಾಗಲು ಸುಮಾರು 447 ಕೋಟಿ ವರ್ಷಗಳು ಬೇಕು. ಅದು ಹೆಚ್ಚುಕಡಿಮೆ ಭೂಮಿಯ ವಯಸ್ಸು. ಅದೇ ವಂಶದಲ್ಲಿ ಮುಂದೆ ಹುಟ್ಟುವ ಪೊಲೋನಿಯಂ-214 ಅರ್ಧವಾಗಲು ಒಂದು ಸೆಕೆಂಡಿನ ಐದು ಸಾವಿರದ ಒಂದು ಭಾಗವೂ ಬೇಡ. ಎರಡಕ್ಕೂ ಒಂದೇ ವಿಶೇಷಣ. ಅಲ್ಲಿ ಅದು ಬಯ್ಗುಳವೂ ಅಲ್ಲ, ಮೆಚ್ಚುಗೆಯೂ ಅಲ್ಲ.

ದಿನಬಳಕೆಯಲ್ಲಿ ಈ ಭೇದವನ್ನು ನಮ್ಮ ನಾಲಗೆ ತಾನಾಗಿಯೇ ಪಾಲಿಸುತ್ತದೆ. ಬಹುಮತವಿಲ್ಲದ ಸರ್ಕಾರವನ್ನು ವೃತ್ತಪತ್ರಿಕೆಗಳು 'ಅಸ್ಥಿರ ಸರ್ಕಾರ' ಎನ್ನುತ್ತವೆ. 'ಚಂಚಲ ಸರ್ಕಾರ' ಎನ್ನುವುದಿಲ್ಲ. ಆ ಸರ್ಕಾರದಲ್ಲಿ ದಿನಕ್ಕೊಂದು ಪಕ್ಷಕ್ಕೆ ಹೋಗಿಬರುವ ಒಬ್ಬ ಸದಸ್ಯನಿದ್ದರೆ ಅವನನ್ನು ಚಂಚಲ ಎನ್ನಬಹುದು. ಅಡಿಪಾಯ ಕುಸಿದ ಗೋಡೆ ಅಸ್ಥಿರ; ಕೊಂಬೆಯ ಮೇಲಿನ ಅಳಿಲು ಚಂಚಲ. ಜೀವವಿದ್ದಲ್ಲಿ, ಅಥವಾ ನಾವು ಜೀವವನ್ನು ಕಲ್ಪಿಸಿಕೊಂಡಲ್ಲಿ ಮಾತ್ರ ಚಂಚಲ ಎಂಬುದು ಒಪ್ಪುತ್ತದೆ. ಇದರ ನೆರೆಯ ಪದವಾದ 'ಚಪಲ'ವು ಕನ್ನಡದಲ್ಲಿ ಬೇರೆ ದಾರಿ ಹಿಡಿದು, ಬಾಯಿಚಪಲ, ಮಾತಿನ ಚಪಲ ಎಂಬಲ್ಲಿ ತಡೆಯಲಾರದ ಆಸೆಯೆಂಬ ಅರ್ಥವನ್ನು ಪಡೆಯಿತು. 'ಡೋಲಾಯಮಾನ'ವೆಂದರೆ ಉಯ್ಯಾಲೆಯಂತಾಗಿರುವುದು; ಅದಕ್ಕೆ ಎರಡೇ ಕೊನೆಗಳು. ಹೋಗಲೋ ಬೇಡವೋ ಎನ್ನುವವನ ಮನಸ್ಸು ಡೋಲಾಯಮಾನ. ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಮೂರನೆಯದೊಂದನ್ನು ನೆನೆದವನದು ಚಂಚಲ. ಬರೆವಣಿಗೆಯಲ್ಲಿ ಕಾಣುವ ಒಂದು ತಪ್ಪನ್ನೂ ತಿದ್ದಿಕೊಳ್ಳಬೇಕು. ಚಂಚಲದ ಭಾವ 'ಚಂಚಲತೆ' ಅಥವಾ 'ಚಾಂಚಲ್ಯ'. 'ಚಾಂಚಲ್ಯತೆ' ಎಂಬುದು ಅಂಗಿಯ ಮೇಲೆ ಅಂಗಿ ತೊಟ್ಟಂತೆ.

ಪದದ ಅರ್ಥ ಇಷ್ಟಾಯಿತು. ಅದನ್ನು ಯಾರು ಯಾರನ್ನು ಕುರಿತು ಹೇಳುತ್ತಾರೆ ಎಂಬುದು ಇದಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ಗೀತೆಯಲ್ಲಿ ಅರ್ಜುನನು ಮನಸ್ಸು ಚಂಚಲವೆಂದು ಕೃಷ್ಣನಿಗೆ ಹೇಳುವಾಗ ಬೇರೆ ಯಾರನ್ನೂ ದೂರುತ್ತಿಲ್ಲ. ತನ್ನಿಂದಾಗದ ಕಷ್ಟವನ್ನು ತೋಡಿಕೊಳ್ಳುತ್ತಿದ್ದಾನೆ. ಅದನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆನ್ನುತ್ತಾನೆ. ವಿಚಿತ್ರವೆಂದರೆ ಅದೇ ಉಸಿರಿನಲ್ಲಿ ಅದನ್ನು 'ದೃಢ' ಎಂದೂ ಕರೆಯುತ್ತಾನೆ. ಅಲೆಯುವುದರಲ್ಲಿ ಮನಸ್ಸಿಗೆ ಅಷ್ಟು ಹಟ! ಕೃಷ್ಣನೂ ಅದನ್ನು ಅಲ್ಲಗಳೆಯುವುದಿಲ್ಲ. ಅಭ್ಯಾಸದಿಂದ ಮತ್ತು ವೈರಾಗ್ಯದಿಂದ ಅದನ್ನು ಹಿಡಿಯಬಹುದು ಎಂದು ದಾರಿ ತೋರಿಸುತ್ತಾನೆ. ಬಸವಣ್ಣನವರು ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸಿದ್ದು ಪ್ರಸಿದ್ಧವಾಗಿದೆ. ಅದೂ ತಮ್ಮ ಮನಸ್ಸನ್ನೇ, ನೆರೆಯವರದನ್ನಲ್ಲ. ನಮ್ಮ ಕಥೆಯ ಅಜ್ಜನೂ ಈ ಸಾಲಿಗೆ ಸೇರಿದವನು. ತನ್ನ ಮನಸ್ಸು ಎಲ್ಲಿಗೆ ಹೋಯಿತೆಂಬುದನ್ನು ಅವನು ಕಂಡಿದ್ದ. ಆದರೆ ಇನ್ನೊಬ್ಬರ ಮನಸ್ಸು ಎಲ್ಲಿಗೆ ಹೋಗಿದೆಯೆಂಬುದು ನಮಗೆ ಕಾಣುವುದಿಲ್ಲ. ಕಾಣುವುದು ಅವರ ಕಣ್ಣು, ಕೈ, ಕಾಲು ಮಾತ್ರ.

ಇದನ್ನು ನಾನು ತಡವಾಗಿ ಕಲಿತೆ. ಒಂದು ಊರಿನ ಪ್ರೌಢಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದರೆ ಅವನು ಪಕ್ಕದವನ ಪುಸ್ತಕವನ್ನು ನೋಡುತ್ತಿದ್ದ, ಇಲ್ಲವೆ ಕಿಟಕಿಯ ಹೊರಗೆ ನೋಡುತ್ತಿದ್ದ. ಕೇಳಿದ ಪ್ರಶ್ನೆಗೆ ಎದ್ದು ನಿಂತು ತಲೆ ತಗ್ಗಿಸುತ್ತಿದ್ದ. ನಕಲು ಮಾಡಿದ ಲೆಕ್ಕದಲ್ಲಿ ಮೂರು ಎಂಟಾಗಿರುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಪ್ರಗತಿಪತ್ರದಲ್ಲಿ ನಾನು ಹೆಚ್ಚು ಯೋಚಿಸದೆ, 'ಚಂಚಲ ಸ್ವಭಾವ. ಗಮನ ಸಾಲದು' ಎಂದು ಬರೆದೆ. ಅವನ ತಂದೆ ನೇಕಾರ. ಓದು ಬರಹ ಬಲ್ಲವರಲ್ಲ. ಪತ್ರವನ್ನು ಹಿಡಿದು ಶಾಲೆಗೆ ಬಂದು, ಅದರಲ್ಲಿ ಏನಿದೆಯೆಂದು ನನ್ನನ್ನೇ ಕೇಳಿದರು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಬಹುದು ಮೇಷ್ಟ್ರೇ, ನೀವು ತಿಳಿದೋರು. ಆದರೆ ಮನೇಲಿ ಕಂಡಿಕೆ ಸುತ್ತೋಕೆ ಕೂತ ಅಂದ್ರೆ ಎರಡು ಗಂಟೆ ತಲೆ ಎತ್ತೋದಿಲ್ಲ. ಒಂದು ಎಳೆ ತಪ್ಪೋದಿಲ್ಲ" ಎಂದರು. ತಂದೆಯ ಮಮತೆಯ ಮಾತೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಮೂರು ನಾಲ್ಕು ತಿಂಗಳು ಕಳೆದ ಮೇಲೆ ಕಣ್ಣಿನ ವೈದ್ಯರು ಶಾಲೆಗೆ ಬಂದು ಮಕ್ಕಳೆಲ್ಲರನ್ನೂ ಪರೀಕ್ಷಿಸಿದರು. ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟದಲ್ಲಿ ಮೇಲಿನ ಎರಡು ಸಾಲುಗಳ ಆಚೆಗೆ ಆ ಹುಡುಗನಿಗೆ ಏನೂ ಕಾಣಿಸಲಿಲ್ಲ. ಹತ್ತಿರದ ನೂಲಿನ ಎಳೆ ಅವನಿಗೆ ಸ್ಪಷ್ಟವಾಗಿತ್ತು. ದೂರದ ಕರಿಹಲಗೆ ಬರಿಯ ಕಪ್ಪು ಮೋಡವಾಗಿತ್ತು. ಅವನು ಪಕ್ಕದವನ ಪುಸ್ತಕವನ್ನು ನೋಡುತ್ತಿದ್ದುದು ನಾನು ಬರೆದದ್ದನ್ನು ಓದುವುದಕ್ಕಾಗಿ. ಅದೂ ಸಿಕ್ಕದಿದ್ದಾಗ ಕಿಟಕಿಯ ಕಡೆಗೆ ತಿರುಗುತ್ತಿದ್ದ. ಕರಿಹಲಗೆಯಲ್ಲಿ ಏನೂ ಕಾಣದವನಿಗೆ ಯಾವ ಕಡೆ ನೋಡಿದರೇನು?

ಕನ್ನಡಕ ಬಂದ ದಿನ ಅವನು ಹಲಗೆಯ ಮೇಲಿದ್ದುದನ್ನೆಲ್ಲ ಬರೆದುಕೊಂಡ. ಲೆಕ್ಕವನ್ನಷ್ಟೇ ಅಲ್ಲ, ಮೂಲೆಯಲ್ಲಿ ತರಗತಿಯ ನಾಯಕ ಬರೆದಿದ್ದ ತಾರೀಖನ್ನೂ, ಅಂದಿನ ಹಾಜರಿಯ ಸಂಖ್ಯೆಯನ್ನೂ ಬರೆದುಕೊಂಡಿದ್ದ. ಯಾರೂ ಅದನ್ನು ಬರೆದುಕೊಳ್ಳುವುದಿಲ್ಲ. ನಾನು ಅವನ ಪ್ರಗತಿಪತ್ರವನ್ನು ತರಿಸಿ, ನನ್ನ ಷರಾವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ರುಜು ಮಾಡಿದೆ. ಗೆರೆಯ ಕೆಳಗೆ ಆ ಮಾತು ಇನ್ನೂ ಓದುವಂತೆಯೇ ಇತ್ತು. ಮರುದಿನ ತಂದೆ ಬಂದಾಗ ಪತ್ರವನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಬೆಳಕಿಗೆ ತಿರುಗಿಸಿ ನೋಡಿ, "ಇದೇನು ಮೇಷ್ಟ್ರೇ, ಇಲ್ಲೊಂದು ಗೆರೆ ಎಳೆದಿದ್ದೀರಿ?" ಎಂದು ಕೇಳಿದರು.